ಪೆಟ್ಟಿಗೆಯ ಮುಂದೆ ನಾನು ಕೂರಲಿಲ್ಲ

ಅಂದು ಬೆಳಿಗ್ಗೆ ಮಂಗಳೂರಿನಲ್ಲಿ ಕಡಲಗಾಳಿ ಜೋರಾಗಿತ್ತು. ಬಸ್ ನಿಲ್ದಾಣಕ್ಕೆ ಮೀನು, ಮಲ್ಲಿಗೆ, ಡೀಸೆಲ್ಲಿನ ವಾಸನೆಗಳು ಒಂದರ ಬೆನ್ನು ಹತ್ತಿ ಒಂದು ಓಡಿ ಬರುತ್ತಿದ್ದವು. ನನ್ನ ಮೂಗಿಗಂತೂ ಹಬ್ಬ!

ನಾನು ಬಿಂದು, ಪೊಲೀಸ್ ನಾಯಿ. ಏಳು ಮರಿಗಳಲ್ಲಿ ಕೊನೆಯವಳು. ಕಣ್ಣು ಬಿಡುವ ಮೊದಲೇ ತಾಯಿಯ ಮೊಲೆಯನ್ನು ಮೂಗಿನಿಂದ ಹುಡುಕಿಕೊಂಡವಳು. ದೇವರು ನನಗೆ ಮಾತು ಕೊಡಲಿಲ್ಲ, ಮೂಗು ಕೊಟ್ಟ. ತರಬೇತಿಯಲ್ಲಿ ಪೇದೆ ಸುಂದರಣ್ಣನ ಕೈಗೆ ಬಂದೆ. ಕೊಕೇನಿನ ವಾಸನೆ ಸಿಕ್ಕರೆ ಸುಮ್ಮನೆ ಕೂರಬೇಕು, ಇಲ್ಲದಿದ್ದರೆ ಮುಂದೆ ನಡೆಯಬೇಕು. ಇಷ್ಟೇ ನಮ್ಮಿಬ್ಬರ ಭಾಷೆ.

ಎರಡು ದಿನದ ಹಿಂದೆ ಕಾಲೇಜು ಹುಡುಗಿಯೊಬ್ಬಳು ಗೆಳೆಯರ ಕೂಟದಲ್ಲಿ ಆ ಬಿಳಿ ಪುಡಿ ಸೇದಿದ್ದಳು. ಅದೇ ಮೊದಲ ಸಲ. ಹತ್ತೊಂಬತ್ತರ ಗಟ್ಟಿ ಹೃದಯ ನಿಂತೇ ಹೋಯಿತು. ಪುಡಿ ಮಾರಿದವನು ಸಿಕ್ಕಿರಲಿಲ್ಲ. ಇನ್ಸ್‌ಪೆಕ್ಟರ್ ಫ್ಲೇವಿಯಾ ಮೇಡಂ ಅಂದಿನಿಂದ ಬೂಟು ಬಿಚ್ಚಿರಲಿಲ್ಲ. ಕೆಳಗಿನಿಂದ ಲೋಕ ನೋಡುವ ನನಗೆ ಅದು ಗೊತ್ತು.

ಆ ಬೆಳಗಿನ ತಪಾಸಣೆಯಲ್ಲಿ, ನಿಲ್ದಾಣದ ಮೂಲೆಯಲ್ಲಿ ಹಲ್ಲುನೋವಿನ ಔಷಧಿ ಮಾರುವ ಐತಪ್ಪಜ್ಜನ ತಗಡಿನ ಪೆಟ್ಟಿಗೆಯಲ್ಲಿ ಬಿಳಿ ಪುಡಿ ಸಿಕ್ಕಿತು. ಮೇಡಂ ಒಂದು ಚಿಟಿಕೆಯನ್ನು ಪರೀಕ್ಷೆಯ ಸಣ್ಣ ಸೀಸೆಗೆ ಹಾಕಿ ಅಲುಗಾಡಿಸಿದರು. ನೀಲಿ! ಕೊಕೇನ್ ಇದ್ದರೆ ಬರುವ ಬಣ್ಣ. ಜನ ಮುಗಿಬಿದ್ದರು. ಯಾರೋ ಅಜ್ಜನ ಕೊರಳಪಟ್ಟಿ ಹಿಡಿದರು.

"ಅದು ಹಲ್ಲಿನ ಪುಡಿ ಅಮ್ಮಾ, ದೇವರಾಣೆ!"

ನಾನು ಪೆಟ್ಟಿಗೆ ಮೂಸಿದೆ. ಲವಂಗ, ಉಪ್ಪು, ಏನೋ ಕಹಿ ಮದ್ದು. ಕೂರಲಿಲ್ಲ.

"ಎಂತ ಸುಂದರ, ನಿಮ್ಮ ನಾಯಿಗೆ ಶೀತವಾ? ಕೂರಿಸಿ ಅದನ್ನು."

"ನಾನು ಹಗ್ಗ ಎಳೆದ್ರೆ ಕೂರ್ತದೆ ಮೇಡಂ. ಆದ್ರೆ ಆಗ ಹೇಳಿದ್ದು ಬಿಂದು ಅಲ್ಲ, ನಾನು."

ಅವನು ಹಗ್ಗ ಸಡಿಲಿಸಿದ. ಅಷ್ಟರಲ್ಲಿ ಗಾಳಿ ತಿರುಗಿತು. ಬಂತು, ಬಂತು ಆ ವಾಸನೆ! ಕಾಲುಗಳ ಕಾಡಿನಲ್ಲಿ ನುಗ್ಗಿದೆ. ಅಜ್ಜನ ಅವಮಾನವನ್ನು ಮೊಬೈಲಿನಲ್ಲಿ ಹಿಡಿಯುತ್ತ ನಗುತ್ತಿದ್ದವನೊಬ್ಬನ ಚೀಲದ ಮುಂದೆ ಕೂತೆ. ಬಂಡೆಯಂತೆ ಕೂತೆ!

"ಏ, ನಾಯಿ ಹಿಡೀರಿ! ನನ್ನ ತಿಂಡಿ ಚೀಲ ಅದು!"

"ಹೌದಾ? ಎಂತ ತಿಂಡಿ ಅಂತ ನಾವೂ ನೋಡುವ ಮಾರಾಯ," ಎಂದ ಸುಂದರಣ್ಣ.

ಬಾಳೆಕಾಯಿ ಚಿಪ್ಸಿನ ಅಡಿಯಲ್ಲಿ ನಲವತ್ತು ಪೊಟ್ಟಣ!

ಆದರೂ ಸೀಸೆಯ ನೀಲಿ ಅಳಿಯಲಿಲ್ಲ. ಅಜ್ಜ ಒಂಬತ್ತು ದಿನ ಸೆರೆಯಲ್ಲಿದ್ದರು. ಆಮೇಲೆ ಪ್ರಯೋಗಾಲಯದ ವರದಿ ಬಂತು. ಅಜ್ಜನ ಪುಡಿಯಲ್ಲಿದ್ದದ್ದು ನೋವು ಮರಗಟ್ಟಿಸುವ ಮದ್ದು. ಅದಕ್ಕೂ ಸೀಸೆ ನೀಲಿಯಾಗುತ್ತದಂತೆ. ಚೀಲದವನ ಪುಡಿಯಲ್ಲಿ ಕೊಕೇನೂ ಇತ್ತು, ಅಂಥದೇ ಮದ್ದೂ ಇತ್ತು. ನಾಲಿಗೆ ಜೋಮು ಹಿಡಿದರೆ ಕೊಳ್ಳುವವರು ಅಸಲಿ ಎಂದು ನಂಬುತ್ತಾರಂತೆ. ಇನ್ನೇನೇನು ಬೆರೆತಿತ್ತೋ, ಮಾರುವವನಿಗೇ ತಿಳಿದಿರಲಿಲ್ಲ.

ಈಗ ನನಗೆ ಹನ್ನೊಂದು ವರ್ಷ. ಹಿಂಗಾಲು ಏಳದು, ಮೂಗೂ ಮಂದ. ಸುಂದರಣ್ಣನ ಜಗಲಿಯಲ್ಲಿ ಬಿಸಿಲು ಕಾಯಿಸುತ್ತೇನೆ. ಇಲ್ಲದ್ದನ್ನು ಉಂಟು ಎನ್ನದೆ ಬದುಕಿದೆ; ಆ ಭಗವಂತನ ಮುಂದೆ ಹೇಳಿಕೊಳ್ಳಲು ಅಷ್ಟು ಸಾಕು.

ಅಜ್ಜ ಬಿಡುಗಡೆಯಾಗಿ ಬಂದ ದಿನ ನಾನೂ ನಿಲ್ದಾಣದಲ್ಲಿದ್ದೆ. ಅದೇ ಮೂಲೆಯಲ್ಲಿ ಬರಿಗೈಯಲ್ಲಿ ಕೂತಿದ್ದರು. ಮೇಡಂ ಟೋಪಿ ತೆಗೆದು ಅವರ ಎದುರು ಕುಕ್ಕರುಗಾಲಿನಲ್ಲಿ ಕೂತರು.

"ಆ ಪುಡಿ ಇನ್ನು ಮಾರ್ಬೇಡಿ ಅಜ್ಜ, ಲವಂಗ ಸಾಕು." ಆಮೇಲೆ ದನಿ ಇಳಿಯಿತು. "ನನ್ನಿಂದ ತಪ್ಪಾಯ್ತು."

ಮೇಡಂ ತಗಡಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅಜ್ಜನ ಮಡಿಲಲ್ಲಿಟ್ಟರು.