ನೀರು ಎಳೆಯದ ಮಷಿನ್

ಸುರಪುರದ ಬಸ್ ಡಿಪೋದಲ್ಲಿ ಕಂಡಕ್ಟರಾಗಿದ್ದ ಚೇತನಕುಮಾರ ಆ ಭಾನುವಾರ ಬಚ್ಚಲಲ್ಲಿ ಕುಳಿತು ಬಟ್ಟೆ ಒಗೆಯುವ ಮಷಿನ್ನಿನ ಹಿಂದಿನ ಪೈಪು ಬಿಚ್ಚುತ್ತಿದ್ದ. ಹೆಂಡತಿ ನೀಲಾ ಡೆಂಗೀ ಜ್ವರದಲ್ಲಿ ತೀರಿಕೊಂಡ ಮೇಲೆ, ಎದೆಹಾಲಿನ ಕೂಸನ್ನು ನೋಡಿಕೊಳ್ಳಲು ಕಕ್ಕೇರಾದಿಂದ ಅವಳ ತಾಯಿ, ಅತ್ತೆ ಕಲ್ಯಾಣಮ್ಮ ಬಂದಿದ್ದಳು. ಕೂಸಿನ ಬಟ್ಟೆಯನ್ನೆಲ್ಲ ಕಲ್ಲಿನ ಮೇಲೆ ಒಗೆದೊಗೆದು ಆಕೆ ಸೊಂಟ ಹಿಡಿದುಕೊಳ್ಳುವುದನ್ನು ನೋಡಲಾರದೆ ಅವನು ಈ ಕೆಲಸಕ್ಕೆ ಇಳಿದಿದ್ದ.

ಸೊಂಟನೋವಿಗಿಂತ ಕಲ್ಯಾಣಮ್ಮನನ್ನು ತಿನ್ನುತ್ತಿದ್ದುದು ಬೇರೆ. ಕೂಸು ನಿದ್ದೆ ಮಾಡುತ್ತಿರಲಿಲ್ಲ. ನೀಲಾ ತಾನು ಉಟ್ಟು ಬಿಟ್ಟ ಸೀರೆಯನ್ನೇ ಕೊಂಡಿಗೆ ಜೋಳಿಗೆ ಕಟ್ಟಿ ಅದನ್ನು ಮಲಗಿಸುತ್ತಿದ್ದಳು. ತಾಯಿಯ ಮೈವಾಸನೆ ಮೂಗಿಗೆ ಬಂದರೆ ಸಾಕು, ಕಣ್ಣು ಮುಚ್ಚುತ್ತಿತ್ತು. ಆದರೆ ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದೆಂದು ಮಣ್ಣು ಕೊಟ್ಟು ಬಂದ ದಿನವೇ ಓಣಿಯ ಹೆಂಗಸರು ಪೆಟ್ಟಿಗೆ, ಗೂಟ, ಹಗ್ಗ ಎಲ್ಲ ಬರಿದು ಮಾಡಿ, ಗಂಟು ಕಟ್ಟಿ ಕಳಿಸಿಬಿಟ್ಟಿದ್ದರು. ಗೋಡೆಗೆ ಒರಗಿದ್ದ ಕಲ್ಯಾಣಮ್ಮನಿಗೆ ಆಗ ಅದರ ಪರಿವೆ ಇರಲಿಲ್ಲ. ಕೂಸು ಹಟ ಹಿಡಿದು ಅಳತೊಡಗಿದಾಗಲೇ ಕಳೆದದ್ದೇನೆಂದು ತಿಳಿದದ್ದು. ಅಂದಿನಿಂದ ಹಾಸಿಗೆ ಕೊಡವಿದಳು, ಮೂಲೆ ತಡಕಿದಳು. ನೀಲಾ ಉಟ್ಟದ್ದೊಂದು ಚಿಂದಿಯೂ ಸಿಕ್ಕಿರಲಿಲ್ಲ.

"ಏನೋ ಚೇತನಪ್ಪ, ಟಿಕೀಟ್ ಹರಿಯೋ ಕೈ ಮಷಿನ್ ಬಿಚ್ಲಾಕತ್ತದ? ಕಡೀಗಿ ನಾಕ್ ಬೋಲ್ಟ್ ಉಳೀತಾವ ನೋಡು!" ಬಾಗಿಲಲ್ಲಿ ನಿಂತು ಪಕ್ಕದ ಮನೆಯ ದೇವಕಮ್ಮ ಕಿಚಾಯಿಸಿದಳು.

"ಉಳಿದ್ರ ನಿಮ್ಮ ಮಿಕ್ಸರಿಗಿ ಹಾಕ್ತೀನಿ ಬಿಡ್ರಿ ಅಕ್ಕಾರ."

ಕಲ್ಯಾಣಮ್ಮನ ತುಟಿಯೂ ಒಂದಿಷ್ಟು ಅಲುಗಿತು.

ಕೆಟ್ಟದ್ದೇನೆಂದು ಅವನಿಗೆ ಗೊತ್ತಿತ್ತು. "ನೀರ ಎಳ್ಕೊಳ್ಳವಲ್ದುರಿ ಇದು," ಎಂದು ನೀಲಾ ಹೇಳಿದ್ದಳು. ಅವತ್ತು ಸಂಜೆಯೇ ಜ್ವರ ಏರಿತ್ತು. ಈಗ ನಳ ತಿರುವಿ ನೋಡಿದ, ನೀರು ಜೋರಾಗಿತ್ತು. ಪೈಪು ಎಲ್ಲೂ ಮಡಚಿರಲಿಲ್ಲ. ಪೈಪು ಕೂರುವ ಬಾಯಲ್ಲಿ ಉಗುರಿನಷ್ಟು ಅಗಲದ ಜಾಲರಿ ಇತ್ತು. ಬೋರಿನ ಉಪ್ಪುನೀರು ಅದರ ಮೇಲೆ ಸುಣ್ಣ ಬಳಿದಂತೆ ಕಟ್ಟಿಕೊಂಡಿತ್ತು.

"ಅತ್ತಿಯವ್ರ, ಇದರಾಗ ಸೂಜಿ ಸೈತ ಹೋಗಂಗಿಲ್ಲ. ನೀರ ಹ್ಯಾಂಗ ಹೋಗ್ತದ?"

"ಉಪ್ಪ ಹಿಡದದ, ಅಷ್ಟೇ. ತರ್ರಿ ಇಲ್ಲಿ. ಹುಣಸಿಹಣ್ಣಿಗಿ ತಾಮ್ರದ ಕೊಡಾನ ಲಕಲಕ ಅಂತದ, ಇದೇನ್ ಮಹಾ."

ಆಕೆಯೇ ಹುಣಸೆಹಣ್ಣು ಕಿವುಚಿ, ಜಾಲರಿಯನ್ನು ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಬಿಳಿಯ ಪೊರೆ ಕಳಚಿ ಜಾಲರಿ ಕಣ್ಣು ಕಣ್ಣು ಬಿಟ್ಟಿತು. ಚೇತನ ಅದನ್ನು ಮತ್ತೆ ಕೂರಿಸಿ ಪೈಪು ಬಿಗಿದ.

"ಮದಲ ಖಾಲಿ ಓಡ್ಸಿ ನೋಡ್ತೀನ್ರಿ. ಒಳಗಿನ ಹೊಲಸು ಕೂಸಿನ ಬಟ್ಟಿಗಿ ಹತ್ತಬಾರ್ದು."

ಮಷಿನ್ನಿನ ಗವಸು ಮುಂದಿನ ಗಾಜಿನ ಬಾಗಿಲನ್ನು ಮುಚ್ಚಿ ನೆಲದವರೆಗೆ ಇಳಿದಿತ್ತು. ಮೇಲಿನ ಅಂಚನ್ನಷ್ಟೇ ಸರಿಸಿ, ಅಲ್ಲಿನ ಖಾನೆಗೆ ಸೋಪಿನ ಪುಡಿ ಸುರಿದು ಗುಂಡಿ ಒತ್ತಿದ. ಒಳಗೆ ನೀರು ಜುಳುಜುಳು ಎಂದಿತು.

"ಎಳ್ಕೊಂತು! ಎಳ್ಕೊಂತು ನೋಡ್ರಿ!"

ನೋಡಬೇಕೆಂದು ಕಲ್ಯಾಣಮ್ಮ ಬಗ್ಗಿ ಗವಸು ಎತ್ತಿದಳು. ಗಾಜಿನ ಹಿಂದೆ ನೊರೆಯಲ್ಲಿ ಏನೋ ಹಸಿರು ಮೇಲೇರಿ ಕೆಳಗೆ ಬಿತ್ತು.

"ಅಳಿಯರ... ಇದು ನೀಲಾನ ಸೀರಿ ಅಲ್ಲೇನು?"

ಅವನಿಗೆ ಆಗ ಹೊಳೆಯಿತು. ಅವತ್ತು ನೀಲಾ ಮೈಮೇಲಿನ ಸೀರೆ ಬಿಚ್ಚಿ ಹಾಕಿ ಗುಂಡಿ ಒತ್ತಿದ್ದಳು. ನೀರು ಬಂದಿರಲಿಲ್ಲ. ಸೀರೆ ಅವಳ ಬೆವರಿನ ಸಮೇತ ಒಣಗಿದ್ದು ಒಣಗಿದ ಹಾಗೇ ಒಳಗೆ ಉಳಿದಿತ್ತು. ಮನೆಯೆಲ್ಲ ಬರಿದು ಮಾಡಿದ ಹೆಂಗಸರು ಗವಸು ಹೊದ್ದ ಮಷಿನ್ನನ್ನು ಮುಟ್ಟಿರಲಿಲ್ಲ.

"ನಿಂದರ್ಸ್ರಿ ಅದನ! ನಿಂದರ್ಸ್ರಿ!"

ಚೇತನ ಪ್ಲಗ್ಗು ಕಿತ್ತ. ಬಾಗಿಲು ಜಗ್ಗಿದ. ಒಳಗಿನ ಚಿಲಕ ತಾನಾಗಿ ಬಿಡುವವರೆಗೆ ಅದು ತೆರೆಯುವುದಿಲ್ಲ. ಕಲ್ಯಾಣಮ್ಮ ಗಾಜಿನ ಮೇಲೆ ಅಂಗೈ ಊರಿ ಕುಳಿತಿದ್ದಳು. ಕಟಕ್ ಎಂದಾಗ ಸೀರೆಯನ್ನು ಸೆಳೆದು, ನೀರು ಸುರಿಯುತ್ತಿದ್ದಂತೆಯೇ ಮುಖಕ್ಕೆ ಒತ್ತಿಕೊಂಡಳು. ಒಂದು ತುದಿ ಮೂಸಿದಳು, ಮತ್ತೊಂದು ತುದಿ ಮೂಸಿದಳು.

"ಸೋಪಿನ ಪುಡಿ," ಎಂದಳು.

"ಅತ್ತಿಯವ್ರ, ನಾ ಬಾಗಿಲಾ ತಗದು ನೋಡಬೇಕಿತ್ತ..."

"ನಾನೂ ಜಾಲರಿ ತಿಕ್ಕೀನಲ್ರಿ. ಸುಮ್ನಿರ್ರಿ."

ಬಿಸಿಲಿಗೆ ಸೀರೆ ಬೇಗ ಒಣಗಿತು. ಕಲ್ಯಾಣಮ್ಮ ಅದನ್ನೇ ಕೊಂಡಿಗೆ ಕಟ್ಟಿ, ಅಳುತ್ತಿದ್ದ ಕೂಸನ್ನು ಮಲಗಿಸಿದಳು. ಕೂಸು ಗಕ್ಕನೆ ಸುಮ್ಮನಾಯಿತು. ಬಟ್ಟೆಯ ಮಡಿಕೆಗೆ ಮೂಗು ತಿಕ್ಕಿತು. ಹೊರಳಿ ಆ ಕಡೆಯ ಮಡಿಕೆಗೂ ತಿಕ್ಕಿತು. ಚೇತನ ಜೋಳಿಗೆ ಹಿಡಿದವನು ತೂಗುವುದನ್ನೂ ಮರೆತು ನೋಡುತ್ತಿದ್ದ. ಅದು ಮತ್ತೆ ಈ ಕಡೆಗೆ ಬಂದು, ಇನ್ನೊಮ್ಮೆ ಹುಡುಕಿ, ತುಟಿ ಸೊಟ್ಟ ಮಾಡಿ ದೊಡ್ಡದಾಗಿ ಅಳತೊಡಗಿತು.