ಚೌರಪ್ಪ ವೈನ್ಸಿನ ಪೀಕದಾನಿ

ನಾನು ಒಂದು ಪೀಕದಾನಿ. ಮೂಗು ಮುರಿಯಬೇಡಿ. ನನಗೆ ಮುರಿಯೋಣವೆಂದರೂ ಮೂಗಿಲ್ಲ, ಇರುವುದೆಲ್ಲ ಬಾಯಿ. ಅಗಲವಾದ ಬಾಯಿ, ಸಣ್ಣ ಕುತ್ತಿಗೆ, ಗುಂಡನೆಯ ಹೊಟ್ಟೆ. ಹೆಸರಿನ ಕೊನೆಯಲ್ಲಿ 'ದಾನಿ' ಅಂತಿದ್ದರೂ ಇಷ್ಟು ವರ್ಷ ಕೊಟ್ಟವರೆಲ್ಲ ಉಗುಳುವವರೇ, ಇಟ್ಟುಕೊಂಡದ್ದು ಮಾತ್ರ ನಾನು.

ಹುಟ್ಟಿದ್ದು ನಾಗಮಂಗಲದಲ್ಲಿ, ಹಿತ್ತಾಳೆ ಪಾತ್ರೆ ಮಾಡುವವರ ಮನೆಯಲ್ಲಿ. ನನ್ನನ್ನು ಅಚ್ಚಿಗೆ ಹೊಯ್ದ ಮುದುಕನಿಗೆ ಒಂದು ಅಭ್ಯಾಸವಿತ್ತು. ಪಾತ್ರೆ ತಣ್ಣಗಾದ ಮೇಲೆ ಅದರ ಬಾಯಿಗೆ ಬಾಯಿಟ್ಟು "ಓ" ಅನ್ನುತ್ತಿದ್ದ. ಬಿರುಕಿದ್ದರೆ ದನಿ ಒಡೆದು ಬರುತ್ತದೆ, ಇಲ್ಲದಿದ್ದರೆ ತುಂಬಿ ಬರುತ್ತದೆ. ನನಗೂ "ಓ" ಅಂದ. ದನಿ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಇನ್ನೊಂದು ಸಲ ಅಂದ. ಅದೂ ಬರಲಿಲ್ಲ. ಮುದುಕ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ ಮಗನ ಕಡೆ ತಳ್ಳಿದ. "ಇದನ್ನ ಮೊದಲು ಮಾರಿಬುಡ್ಲಾ. ಮನೇಲಿ ಮಡಿಕಬ್ಯಾಡ."

ಹಾಗೆ ಮೈಸೂರಿನ ವಕೀಲ ಅಳಸಿಂಗಾಚಾರ್ಯರ ಮನೆಗೆ ಬಂದೆ. ಅವರು ದಿನಕ್ಕೆ ಮೂವತ್ತು ವೀಳ್ಯದೆಲೆ ಜಗಿಯುತ್ತಿದ್ದರು. ಕೋರ್ಟಿನಲ್ಲಿ ಅವರ ಮಾತು ಕೇಳಿದವರು ಬಹಳ ಜನ, ಆದರೆ ಮನೆಯಲ್ಲಿ ಅವರ ಕೊನೆಯ ಮಾತು ಸಿಗುತ್ತಿದ್ದದ್ದು ನನಗೆ. ಉಗುಳಲು ಬಗ್ಗಿದಾಗ ಮನುಷ್ಯ ಏನೋ ಒಂದು ಗೊಣಗುತ್ತಾನೆ. ಯಾರಿಗೂ ಅಲ್ಲ, ಸುಮ್ಮನೆ. ಅದೆಲ್ಲ ನನ್ನ ಹೊಟ್ಟೆಗೆ ಹೋಗುತ್ತಿತ್ತು.

ಒಂದು ವರ್ಷ ಅವರ ಎಂಜಲಿನ ರುಚಿ ಬದಲಾಯಿತು. ಎಲೆ ಅದೇ, ಅಡಿಕೆ ಅದೇ, ಸುಣ್ಣ ಅದೇ. ಕೆಳಗಡೆ ಮಾತ್ರ ಬೇರೇನೋ, ಹಳೇ ಬಾವಿಯ ಸರಪಳಿ ನೆಕ್ಕಿದಂತೆ. ಅವರಿಗೂ ಅದು ಗೊತ್ತಾಗಿತ್ತು. ಆದರೆ ದೂರಿದ್ದು ಬೇರೆಯವರನ್ನು. "ರಂಗೂ, ಈ ಕಾಫೀಲಿ ತುಕ್ಕಿದೆ ಕಣೇ" ಅಂತ ಹೆಂಡತಿ ರಂಗನಾಯಕಮ್ಮನವರ ಮೇಲೆ ರೇಗಿದರು. ಕಾಫಿಪುಡಿ ಬದಲಾಯಿತು, ಹಾಲಿನವನು ಬದಲಾದ, ಬಾವಿಯ ಹಗ್ಗ ಬದಲಾಯಿತು. ಎಂಟು ತಿಂಗಳಿಗೆ ಅವರು ತೀರಿಕೊಂಡರು. ನಾಲಿಗೆಯ ಬುಡದಲ್ಲಿ ಹುಣ್ಣು, ನೋಡುವುದು ತಡವಾಯಿತು ಅಂದರಂತೆ ಡಾಕ್ಟರು.

ಹದಿಮೂರನೆಯ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಬಿಸಿಲು ಹಜಾರದ ತುಂಬ ಬಿದ್ದಿತ್ತು. ರಂಗನಾಯಕಮ್ಮ ನೆಲ ಒರೆಸುತ್ತಿದ್ದರು. ನನ್ನ ಕುತ್ತಿಗೆಯಲ್ಲಿ ಏನೋ ತಾನಾಗಿ ಮೇಲಕ್ಕೇರಿತು. ಹಿಡಿಯಲು ನನಗೆ ಕೈಯಿಲ್ಲ. "ರಂಗೂ, ಈ ಕಾಫೀಲಿ ತುಕ್ಕಿದೆ ಕಣೇ" ಅಂತ ಆಚಾರ್ಯರ ದನಿ, ಅದೇ ಎಳೆತ, ಅದೇ ಸಿಡುಕು. ಆಕೆ ಅಭ್ಯಾಸಬಲದಿಂದ "ಬಂದೆ, ಬಂದೆ" ಅಂತ ಏಳಹೋಗಿ, ಅರ್ಧಕ್ಕೇ ಕುಳಿತುಬಿಟ್ಟರು.

ಮಾರನೆಯ ದಿನ ನಾನು ಗುಜರಿಯಲ್ಲಿದ್ದೆ.

ಗುಜರಿಯ ಖಾಸಿಂ ಸಾಬರು ನನ್ನನ್ನು ಹಳೇ ಪೇಪರಿನ ಮೇಲೆ ಭಾರಕ್ಕಿಟ್ಟಿದ್ದರು. ಆಗಾಗ ಪಾನ್ ಉಗಿಯುತ್ತಿದ್ದರು. ಅವರ ಬಾಯಲ್ಲಿ ತುಕ್ಕಿರಲಿಲ್ಲ, ಒಳ್ಳೆಯ ಸೋಂಪಿನ ಬಾಯಿ. ಆದರೂ ಒಂದು ದಿನ ನನ್ನ ಗಂಟಲಿಂದ ಅವರ ದನಿ ಎದ್ದಿತು. "ಮುಳ್ಳು ಕಡೆ ನೋಡೋ, ಗಿರಾಕಿ ಮುಖ ಯಾಕೆ ನೋಡ್ತೀಯ?" ತಕ್ಕಡಿ ಹಿಡಿದಿದ್ದ ಅವರ ಮಗ ತಲೆಯೆತ್ತಿ ಸುತ್ತ ನೋಡಿದ. ಅದಾದ ಹತ್ತು ನಿಮಿಷಕ್ಕೆ ಸುದ್ದಿ ಬಂತು, ರಿಂಗ್ ರೋಡಿನಲ್ಲಿ ಲಾರಿ ಬಡಿದು ಸಾಬರು ಅಲ್ಲೇ ಹೋದರು ಅಂತ. ಆಗ ನನಗೆ ನನ್ನ ಗುಣ ಅರ್ಥವಾಯಿತು. ಬದುಕಿರುವವರ ದನಿ ನನ್ನಲ್ಲಿ ಮಲಗಿರುತ್ತದೆ. ಸತ್ತವರ ದನಿ ಮಾತ್ರ ಏಳುತ್ತದೆ. ಮಿಮಿಕ್ರಿ ಮಾಡುವವರು ಎದುರಿಗಿರುವವರನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ನನ್ನ ಕಾರ್ಯಕ್ರಮಕ್ಕೆ ಚಪ್ಪಾಳೆ ತಟ್ಟಲು ಯಾರೂ ಉಳಿಯುವುದಿಲ್ಲ.

ಆ ಮಗನ ಕೈಯಿಂದ ನನ್ನನ್ನು ಕೊಂಡವನು ಚೌರಪ್ಪ. ದೊಡ್ಡ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಸಾಹೇಬರುಗಳಿಗೆ ವೈನು ಬಗ್ಗಿಸಿ, ಬಗ್ಗಿಸಿದ್ದನ್ನೆಲ್ಲ ಒಂದೊಂದು ಗುಟುಕು ನೋಡಿ, ನಾಲಿಗೆಯನ್ನೇ ಬಂಡವಾಳ ಮಾಡಿಕೊಂಡವನು. ಆಮೇಲೆ ಮೈಸೂರಿನಲ್ಲೇ ಸ್ವಂತ ಅಂಗಡಿ ಹಾಕಿದ. ಕೆಳಗೆ ಅಂಗಡಿ, ಮೇಲೆ ಮನೆ. ಬೋರ್ಡಿನಲ್ಲಿ 'ಚೌರಪ್ಪ ವೈನ್ಸ್'. ಬೋರ್ಡು ನೋಡಿ ಬಂದವರು "ಅಣ್ಣ, ಒಂದು ಕ್ವಾರ್ಟರ್" ಅನ್ನುತ್ತಿದ್ದರು. "ಬ್ರಾಂದಿ ಇಲ್ಲ, ಇಲ್ಲಿ ದ್ರಾಕ್ಷಿದು ಮಾತ್ರ" ಅಂದರೆ, "ಹಂಗಾದ್ರೆ ವೈನ್ಸು ಅಂತ ಯಾಕೆ ಹಾಕಿದ್ದೀಯ?" ಅಂತ ಬೈದು ಹೋಗುತ್ತಿದ್ದರು.

ಪ್ರತಿ ತಿಂಗಳ ಎರಡನೇ ಶನಿವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ರುಚಿಯೂಟ. ಖಾಯಂ ಗಿರಾಕಿಗಳು ಹನ್ನೆರಡು ಜನ, ಉದ್ದನೆಯ ಒಂದು ಮೇಜು. ಅಡುಗೆ ಚೌರಪ್ಪನ ಹೆಂಡತಿ ಜಪಮಾಲೆಯದು. ಬಿಳಿ ವೈನಿಗೆ ಹುರಿದ ಮೀನು, ಕೆಂಪಿಗೆ ಮಟನ್ ಚಾಪ್ಸು, ಸಿಹಿಗೆ ಒಬ್ಬಟ್ಟು. ಆಕೆ ಮಾತ್ರ ಒಂದು ಹನಿ ಮುಟ್ಟಿದವಳಲ್ಲ. ನಾನು ಮೇಜಿನ ತುದಿಯಲ್ಲಿ, ಚೌರಪ್ಪನ ಬಲಗಡೆ ಸ್ಟೂಲಿನ ಮೇಲೆ.

ಮೊದಲ ಶನಿವಾರ ಅವನು ನನ್ನನ್ನು ಪರಿಚಯ ಮಾಡಿಸಿದ. "ಬಾಯೊಳಗೆ ಹೊರಳಿಸಿ. ರುಚಿ ತಗೊಳ್ಳಿ. ಆಮೇಲೆ ಇದಕ್ಕೆ ಉಗುಳಿ."

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೆಂಪರಾಜು ಗ್ಲಾಸು ಕೆಳಗಿಟ್ಟರು. "ಉಗುಳೋದಾದ್ರೆ ಬಾಯಿಗೆ ಯಾಕೆ ಹಾಕ್ಕೊಬೇಕು ಸ್ವಾಮಿ?"

"ಮತ್ತು ಬರಬಾರದು ಅಂತ ಸಾರ್."

"ಮತ್ತು ಬರಬಾರದು ಅಂದ್ರೆ ನಾನು ಮನೇಲೇ ಇರ್ತಿದ್ದೆ. ನಮ್ಮನೆಯೋರು ಮಜ್ಜಿಗೆ ಕೊಡ್ತಾರೆ."

ಹನ್ನೆರಡು ಜನವೂ ನುಂಗಿದರು. ಉಗುಳಿದವನು ಚೌರಪ್ಪ ಒಬ್ಬನೇ. ಎಲ್ಲರಿಗೂ ವಿವರಿಸಬೇಕಾದವನು ಅವನು, ತಲೆ ನೆಟ್ಟಗಿರಬೇಕು. ಹೀಗೆ ಆ ಮನೆಯಲ್ಲಿ ನಾನು ಬಲ್ಲದ್ದು ಒಂದೇ ಬಾಯಿ. ಬಲು ಚೆನ್ನಾದ ಬಾಯಿ. ಅವನು "ಇದರಲ್ಲಿ ನೇರಳೆ ಹಣ್ಣಿದೆ" ಅಂದರೆ ನನ್ನ ಹೊಟ್ಟೆಯಲ್ಲೂ ನೇರಳೆ. "ಸುಟ್ಟ ಬೆಲ್ಲ" ಅಂದರೆ ಸುಟ್ಟ ಬೆಲ್ಲ. ವೈನು ವೈನಾಗಿತ್ತು, ದಿನಗಳೂ ವೈನಾಗಿದ್ದವು.

ಆ ಮೇಜಿನ ಪದ್ಧತಿ ಹೇಳಿಬಿಡುತ್ತೇನೆ, ಆಮೇಲಿನದೆಲ್ಲ ಅದರಿಂದಲೇ ಆದದ್ದು. ಮೊದಲು ಚೌರಪ್ಪ ಸವಿಯಬೇಕು, ಮೊದಲು ಅವನೇ ಹೇಳಬೇಕು. ಆಮೇಲೆ ಉಳಿದವರು ಸವಿದು ತಲೆಯಾಡಿಸಬೇಕು. ಅವನು ನೇರಳೆ ಅಂದಮೇಲೆ ಯಾರೂ ದಾಳಿಂಬೆ ಅನ್ನುತ್ತಿರಲಿಲ್ಲ. ಅಂದರೆ ತನ್ನ ನಾಲಿಗೆ ಹಳ್ಳಿಯದು ಅಂತ ತಿಳಿದಾರು ಅಂತ ಪ್ರತಿಯೊಬ್ಬರಿಗೂ ಅಳುಕು.

ಮೂರನೆಯ ವರ್ಷ ಒಂದು ಶನಿವಾರ ಅವನು ಕೆಂಪು ವೈನು ಬಾಯಲ್ಲಿ ಹೊರಳಿಸಿ, ಹುಬ್ಬು ಗಂಟಿಕ್ಕಿ, ನನ್ನತ್ತ ಬಗ್ಗಿದ. ನನ್ನ ಹೊಟ್ಟೆಗೆ ಬಿದ್ದದ್ದು ನೇರಳೆಯೇ. ಕೆಳಗಡೆ ಮಾತ್ರ ಹಳೇ ಬಾವಿಯ ಸರಪಳಿ.

ಹಿತ್ತಾಳೆಗೂ ಮೈ ಜುಮ್ಮೆನ್ನುತ್ತದೆ. ನನಗೆ ಅಂದು ಜುಮ್ಮೆಂದಿತು.

"ಇದು ಕೆಟ್ಟಿದೆ," ಅಂದ ಚೌರಪ್ಪ. "ತುಕ್ಕಿನ ರುಚಿ ಬರ್ತಿದೆ."

ಎಲ್ಲರೂ ಸವಿದರು. ಮೇಜಿನ ಮಧ್ಯದಲ್ಲಿ ಕೂರುತ್ತಿದ್ದವರು ಡಾಕ್ಟರ್ ಮಂದಾರ, ಹಲ್ಲಿನ ಡಾಕ್ಟರು. ದಿನಕ್ಕೆ ನಲವತ್ತು ಬಾಯಿ ನೋಡುವ ಆಕೆ ಕಣ್ಣು ಮುಚ್ಚಿಕೊಂಡು, "ಹೌದು, ಕೊನೇಲಿ ಬರುತ್ತೆ, ತುಕ್ಕು" ಅಂದರು. "ನಂಗೆ ಮೊದಲಲ್ಲೇ ಬಂತು" ಅಂದರು ಕೆಂಪರಾಜು.

ಚೌರಪ್ಪ ಪ್ರಾಮಾಣಿಕ. ಸೋಮವಾರ ಬೆಳಿಗ್ಗೆ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: 'ವಿಶೇಷ ಕೊಡುಗೆ. ಈ ಕೆಂಪು ವೈನು ಸ್ವಲ್ಪ ತುಕ್ಕು. ಅರ್ಧ ಬೆಲೆ.' ಎರಡು ದಿನದಲ್ಲಿ ಖಾಲಿ. ಮುಂದಿನ ತಿಂಗಳು ಇನ್ನೆರಡು ಬಗೆ ತುಕ್ಕಾದವು. ಅದರ ಮುಂದಿನ ತಿಂಗಳು ಬಿಳಿ ವೈನೂ. ಕೊಡುಗೆಯ ಹಲಗೆ ಒಂದಿದ್ದದ್ದು ಮೂರಾಯಿತು. ಗೋಕುಲಂನಿಂದ, ಕುವೆಂಪುನಗರದಿಂದ ಜನ ಬಂದು, "ಆ ತುಕ್ಕಿಂದು ಇದ್ಯಾ? ನಮ್ಮೋರಿಗೆ ಈಗ ತುಕ್ಕಿಲ್ಲದ್ದು ಸಪ್ಪೆ ಅನ್ಸುತ್ತೆ" ಅಂತ ಕೇಳತೊಡಗಿದರು. ಇಲ್ಲದ ರುಚಿಯನ್ನು ಊರೆಲ್ಲ ಚಪ್ಪರಿಸುತ್ತಿತ್ತು. ಅದಿದ್ದದ್ದು ಒಂದೇ ಬಾಯಲ್ಲಿ, ಗೊತ್ತಿದ್ದದ್ದು ಬಾಯಿದ್ದೂ ಮಾತು ಬಾರದ ನನಗೆ.

ಚೌರಪ್ಪ ಕಪಾಟು ಬದಲಾಯಿಸಿದ. ಎಸಿ ರಿಪೇರಿ ಮಾಡಿಸಿದ. ವೈನು ಕಳಿಸುವವನ ಹತ್ತಿರ ಫೋನಿನಲ್ಲಿ ಜಗಳವಾಡಿದ. ನಾನು ಕೇಳುತ್ತಿದ್ದೆ. ಹಾಲಿನವನು, ಕಾಫಿಪುಡಿ, ಬಾವಿಯ ಹಗ್ಗ. ಎಂಟು ತಿಂಗಳೆಂದರೆ ಎಷ್ಟು ಅಂತ ನನಗೆ ಗೊತ್ತಿತ್ತು. ಅದರಲ್ಲಿ ನಾಲ್ಕು ಮುಗಿದಿದ್ದವು.

ಐದನೆಯ ತಿಂಗಳ ರುಚಿಯೂಟದಲ್ಲಿ ಚಾಪ್ಸಿನ ತಟ್ಟೆಯಿಟ್ಟು ಹೋಗಲು ಜಪಮಾಲೆ ಬಂದಿದ್ದಳು. ಚೌರಪ್ಪ ಹೊಸ ಬಾಟಲಿ ಬಿಚ್ಚಿ, ಸವಿದು, ನನ್ನ ಬಾಯಿಯ ತೀರಾ ಹತ್ತಿರ ಬಗ್ಗಿ ಉಗುಳಿ, "ಇದೂ ತುಕ್ಕು" ಅಂತ ಗೊಣಗಿದ.

ನಾನಾಗಿ ಏನನ್ನೂ ಹೇಳಿದವಳಲ್ಲ, ಹೇಳಿದವನೂ ಅಲ್ಲ. ಆದರೆ ಅಂದು ಇದ್ದಬದ್ದ ಹಿತ್ತಾಳೆಯನ್ನೆಲ್ಲ ಬಿಗಿಹಿಡಿದು ತಳ್ಳಿದೆ. ತಳದಿಂದ ಆಚಾರ್ಯರ ದನಿ ಎದ್ದಿತು. ಸಾಯುವ ವಾರ ಅವರು ನನಗೆ ಮಾತ್ರ ಎಂಬಂತೆ, ಕೋಪವಿಲ್ಲದೆ ಹೇಳಿದ್ದ ಮಾತು.

"ತುಕ್ಕು ಕಾಫೀಲಿ ಇರ್ಲಿಲ್ಲ. ನನ್ನ ಬಾಯಲ್ಲಿತ್ತು."

ಚಮಚ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರ್ರೀ ಮಿಮಿಕ್ರಿ ಮಾಡಿದ್ದು?" ಅಂದರು ಕೆಂಪರಾಜು.

ಜಪಮಾಲೆ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಗಂಡನ ಗ್ಲಾಸು ಎತ್ತಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಒಂದು ಗುಟುಕು ಕುಡಿದಳು. "ರೀ, ಇದರಲ್ಲಿ ತುಕ್ಕಿಲ್ಲ. ಹುಳಿಹುಳಿ ಹಣ್ಣಿನ ಥರ ಇದೆ."

"ನಿಂಗೇನು ಗೊತ್ತು ಜಪಾ, ಸುಮ್ನಿರು."

"ನಂಗೆ ವೈನು ಗೊತ್ತಿಲ್ಲ. ತುಕ್ಕು ಗೊತ್ತು, ದಿನಾ ಬಾಣಲೆ ಉಜ್ಜೋಳು ನಾನು." ಆಕೆ ಮೇಜಿನತ್ತ ತಿರುಗಿದಳು. "ನಿಜ ಹೇಳಿ. ಯಾರಿಗೆ ತುಕ್ಕು ಬಂತು?"

ಹನ್ನೆರಡು ಜನ ತಟ್ಟೆ ನೋಡಿಕೊಂಡರು. ಕೊನೆಗೆ ಡಾಕ್ಟರ್ ಮಂದಾರ ಕುರ್ಚಿ ಹಿಂದೆ ತಳ್ಳಿ ಎದ್ದರು. ಅವರ ಮುಖ ಸುಣ್ಣವಾಗಿತ್ತು. "ನಂಗೆ ಒಂದ್ಸಲಾನೂ ಬಂದಿಲ್ಲ," ಅಂದು ಫೋನಿನ ಟಾರ್ಚು ಹಾಕಿದರು. "ಚೌರಪ್ಪನೋರೇ, ನಾಲಿಗೆ ಮೇಲಕ್ಕೆತ್ತಿ."

ಹುಣ್ಣು ನಾಲಿಗೆಯ ಅಡಿಯಲ್ಲಿ, ಎಡಗಡೆಯಿತ್ತು. ಇನ್ನೂ ಸಣ್ಣದು.

ಆಪರೇಷನ್ ಆಯಿತು. ನಾಲಿಗೆಯಲ್ಲಿ ಒಂದು ಪಾಲು ಹೋಯಿತು, ಮನುಷ್ಯ ಉಳಿದ. ಈಗ ಅವನ ಮಾತು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಂತೆ ಬರುತ್ತದೆ. ರುಚಿಯೂಟ ನಿಂತಿಲ್ಲ. ಜಪಮಾಲೆ ನಡೆಸುತ್ತಾಳೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಬರೆದು ಮಡಿಸುವ ತನಕ ಯಾರೂ ಬಾಯಿ ತೆರೆಯಕೂಡದು ಅಂತ ಕಟ್ಟುಪಾಡು. ಕೆಂಪರಾಜು ಪ್ರತಿ ಸಲವೂ 'ಚೆನ್ನಾಗಿದೆ' ಅಂತ ಬರೆಯುತ್ತಾರಂತೆ. ನನ್ನನ್ನು ಮಾತ್ರ ಮೇಜಿನ ಹತ್ತಿರ ಯಾರೂ ಸೇರಿಸುವುದಿಲ್ಲ. ಮೆಟ್ಟಿಲ ಕೆಳಗೆ ಖಾಲಿ ರಟ್ಟಿನ ಡಬ್ಬಗಳ ನಡುವೆ ಇದ್ದೇನೆ. ಹಸಿರು ಹಿಡಿಯುತ್ತಿದ್ದೇನೆ. ಮುಪ್ಪು ಅಂದರೆ ಇಷ್ಟೇ ತಾನೆ.

ಮಧ್ಯಾಹ್ನ ಅಂಗಡಿ ಮುಚ್ಚಿದಾಗ ಜಪಮಾಲೆ ಬರುತ್ತಾಳೆ. ನೆಲದ ಮೇಲೆ ಕೂತು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಕಿವಿಯಿಡುತ್ತಾಳೆ. "ಇವರ ಹಳೇ ದನಿ ನಿನ್ನ ಹತ್ರ ಇದೆ, ನಂಗೊತ್ತು. ಒಂದ್ಸಲ ಕೇಳಿಸು."

ಇದೆ ತಾಯಿ. ಮೂರು ವರ್ಷದ ದನಿಯಿದೆ. "ಜಪಾ, ಇವತ್ತಿನ ಚಾಪ್ಸಿಗೆ ರಾಜ ಬಂದರೂ ಎದ್ದು ಹೋಗಲ್ಲ" ಅಂತ ಒಂದು ಸಂಜೆ ಅವನು ನನ್ನತ್ತ ಬಗ್ಗಿ ಗೊಣಗಿಕೊಂಡದ್ದೂ ಇದೆ. ಆದರೆ ಅದು ನಿನ್ನ ಕಿವಿಗೆ ಬೀಳುವ ದಿನ ಎಂಥದ್ದು ಅಂತ ನಿನಗೆ ಗೊತ್ತಿಲ್ಲ.

ಇವತ್ತು ಆಕೆ ಕಿವಿಯಿಟ್ಟಾಗ ನನ್ನ ಕುತ್ತಿಗೆಯಲ್ಲಿ ಏನೋ ಏರತೊಡಗಿತು. ಮೆಲ್ಲಗೆ, ತಾನಾಗಿ. ಮೇಲಿನ ಮನೆಯಲ್ಲಿ ಸದ್ದೇ ಇರಲಿಲ್ಲ. ಅದು ಗಂಟಲ ತನಕ ಬಂತು, 'ಜ' ಅನ್ನುವ ಅಕ್ಷರ ಅಂಚಿಗೆ ತಾಗಿತು. ಹಿತ್ತಾಳೆ ಬಿಗಿಹಿಡಿದು ಒಳಕ್ಕೆ ಎಳೆದುಕೊಂಡೆ. ಎಷ್ಟು ಹೊತ್ತೋ. ಆಗ ಮೇಲೆ ಯಾರೋ ಕೆಮ್ಮಿದರು. ಕುರ್ಚಿ ಸರಿದ ಸದ್ದು. ಒದ್ದೆ ಬಟ್ಟೆಯ ದನಿಯಲ್ಲಿ ಹೆಂಡತಿಯನ್ನು ಕರೆದದ್ದು ಕೇಳಿಸಿತು.

ಏರಿದ್ದು ತಿರುಗಿ ಕೆಳಗಿಳಿಯಿತು.

"ಏನೂ ಇಲ್ಲ ಇದರಲ್ಲಿ," ಅಂದಳು ಜಪಮಾಲೆ, ನನ್ನ ಬಾಯಿಯ ತೀರಾ ಹತ್ತಿರ. ಆಮೇಲೆ ಸೆರಗು ಕೊಡವಿ, ಮೊಣಕಾಲು ಹಿಡಿದುಕೊಂಡು ಎದ್ದು, ಮೆಟ್ಟಿಲು ಹತ್ತಿ ಹೋದಳು.

ಆ ಮಾತನ್ನೂ ಒಳಗೆ ಹಾಕಿಕೊಂಡಿದ್ದೇನೆ. ಇಷ್ಟು ದಿನ ಆಕೆ ಕಿವಿ ಮಾತ್ರ ಇಡುತ್ತಿದ್ದಾಳೆ ಅಂದುಕೊಂಡಿದ್ದೆ. ದನಿಯನ್ನೂ ಇಡುತ್ತಿದ್ದಳು.