ಎಡೆಗೆ ಇಟ್ಟ ಸಿನಿಮಾ

ಹಕ್ಕಿಗಳು ಸುಮ್ಮನಾದವು, ಇನ್ನೆರಡು ನಿಮಿಷ, ಮುಚ್ಚಿದ ಬಾಗಿಲಿನಾಚೆ ಟೀವಿಯಲ್ಲಿ ಕಾಡಿನ ಸದ್ದು ಹೀಗೆ ಒಮ್ಮೆಲೇ ನಿಂತಿತೆಂದರೆ ಸಿನಿಮಾದ ಮೊದಲನೆಯ ಸೈನಿಕ ಹೋದ ಹಾಗೆ, ನಂದಕುಮಾರನಿಗೆ ನೋಡಬೇಕಾಗಿಲ್ಲ, ನಲವತ್ತು ಸಲ ನೋಡಿದ್ದಾನೆ, ತಮ್ಮನ ಪಕ್ಕ ಕೂತು, ಒಂದೇ ತಟ್ಟೆಯ ಕಡಲೆಪುರಿಗೆ ಇಬ್ಬರೂ ಕೈ ಹಾಕಿಕೊಂಡು — ಈಗ ತಮ್ಮ ರವಿ ಒಳಗಿದ್ದಾನೆ, ಫೋಟೋ ಆಗಿ, ಅಪ್ಪನ ಫೋಟೋ ಪಕ್ಕ, ಮುಂದೆ ಬಾಳೆಎಲೆ, ಮುದ್ದೆ, ಮಟನ್ ಸಾರು, ವಡೆ, ಅಪ್ಪನಿಗೆ ಒಂದು ಕಟ್ಟು ಬೀಡಿ, ರವಿಗೆ ಈ ಸಿನಿಮಾ. ಹಿರಿಯರ ಹಬ್ಬ, ಕೋಣನಕುಂಟೆಯಲ್ಲಿ ಇವತ್ತು ಮನೆಮನೆಯಲ್ಲೂ ಎಡೆ, ಹೋದವರಿಗೆ ಏನೇನು ಇಷ್ಟವೋ ಎಲ್ಲ ಇಟ್ಟು ಬಾಗಿಲು ಮುಚ್ಚಿ ಹೊರಗೆ ಕೂರಬೇಕು, ಅವರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಇಣುಕಬಾರದು, ಬೆಳಿಗ್ಗೆ ಅಮ್ಮ ವಡೆ ತಟ್ಟುತ್ತಾ, ನಂದ, ರವಿಗೆ ಆ ಮಿಲ್ಟ್ರಿ ಪಿಚ್ಚರ್ ಅಂದ್ರೆ ಪ್ರಾಣ ಅಲ್ವೇನೋ, ಅದನ್ನೂ ಹಾಕಪ್ಪ, ನೋಡ್ಕಂಡ್ ಹೋಗ್ಲಿ ನನ್ ಮಗ — ಆಗಲೇ ಹೇಳಬಹುದಿತ್ತು, ಕ್ಯಾಸೆಟ್‌ಗೆ ಫಂಗಸ್ ಹಿಡಿದಿದೆ ಅಮ್ಮಾ ಅಂತ, ಜೇಪಿ ನಗರದಲ್ಲಿ ಹನ್ನೊಂದು ವರ್ಷ ವಿಡಿಯೋ ಲೈಬ್ರರಿ ನಡೆಸಿದವನಿಗೆ ಅಷ್ಟು ಸುಳ್ಳು ಬರುವುದಿಲ್ಲವೇ, ಸಿಡಿ ಬಂದು ಅಂಗಡಿ ಮುಚ್ಚಿದಾಗ ಎಲ್ಲವನ್ನೂ ತೂಕಕ್ಕೆ ಹಾಕಿದ, ಇದೊಂದನ್ನು ಹಾಕಲಿಲ್ಲ, ಹಾಕಿದ್ದರೆ ಪೀಡೆ ತೊಲಗುತ್ತಿತ್ತು.

ಅದೋ, ಗುಂಡು. ಒಬ್ಬ. ಒಟ್ಟು ಎಂಟು ಜನ ಸೈನಿಕರು, ಯಾವುದೋ ದೇಶದ ಕಾಡಿನಲ್ಲಿ ದಾರಿ ತಪ್ಪಿದವರು, ರೇಡಿಯೋ ಕೆಟ್ಟಿದೆ, ಅವರನ್ನು ಬೇಟೆಯಾಡುವವರ ಮುಖ ಸಿನಿಮಾ ಮುಗಿದರೂ ಕಾಣುವುದಿಲ್ಲ, ಬರೀ ಎಲೆ ಅಲುಗುತ್ತದೆ, ಅದೇ ಗುರು ಮಜಾ ಅನ್ನುತ್ತಿದ್ದ ರವಿ, ಅದರಲ್ಲಿದ್ದ ದಪ್ಪನೆಯ ಸಿಪಾಯಿಗೆ ರಾಮಯ್ಯ ಮಾವ ಎಂದೇ ಹೆಸರಿಟ್ಟಿದ್ದ, ನಿಜವಾದ ರಾಮಯ್ಯ ಮಾವ, ಅಮ್ಮನ ತಮ್ಮ, ಈಗ ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತ ಕೂತಿದ್ದಾನೆ, ಏನೋ ಅದು ಹಿಂಗ್ ಕಿರುಚ್ತಾವ್ರೆ, ರವಿ ಉಣ್ಣೋದಾದ್ರೂ ಹೆಂಗೋ. ಅಮ್ಮ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದಾಳೆ, ಕೇಳುತ್ತಿದ್ದಾಳೆ, ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಸಾಯುವವನ ಕೂಗಿಗೆ ಇಂಗ್ಲಿಷ್ ಯಾಕೆ ಬೇಕು — ತೊಂಬತ್ತಾರರಲ್ಲಿ ರವಿಗೆ ಮಿಲ್ಟ್ರಿ ಸೆಲೆಕ್ಷನ್ ಕಾಗದ ಬಂದಾಗ ಎರಡು ದಿನ ಅನ್ನ ಮುಟ್ಟಿರಲಿಲ್ಲ ಇವಳು, ಮೂರು ಮನೆ ಬಾಡಿಗೆ ಬರ್ತದೆ, ಇವನಿಗ್ಯಾಕೋ ಬಂದೂಕು, ಯಾವ್ದೋ ಪಿಚ್ಚರ್ ನೋಡಿ ತಲೆ ಕೆಡಿಸ್ಕಂಡವ್ನೆ, ಹಾಕು ಅದನ್ನ, ನಾನೂ ನೋಡ್ತೀನಿ ಅಂದಳು. ನಂದ ಹಾಕಿದ. ಸೈನಿಕರು ಹೊಳೆಯಲ್ಲಿ ಬಟ್ಟೆ ಒಗೆದು ಒಬ್ಬರ ಮೇಲೊಬ್ಬರು ನೀರೆರಚಿ ನಗುತ್ತಾರಲ್ಲ, ಅಲ್ಲಿಗೆ ನಿಲ್ಲಿಸಿಬಿಟ್ಟ. ಆಮೇಲೆ? ಆಮೇಲೇನಮ್ಮ, ಎಲ್ರೂ ಮನೆಗೆ ಬರ್ತಾರೆ. ಎಲ್ರೂನಾ? ಎಲ್ರೂನೂ. ಮೂರನೇ ದಿನ ಬೆಳಿಗ್ಗೆ ಅಮ್ಮ ಹೋಗು ಅಂದಳು, ರವಿ ಹೋದ, ಹೋದ ವರ್ಷ ಶ್ರಾವಣದಲ್ಲಿ ಈಶಾನ್ಯದ ಯಾವುದೋ ಕಾಡಿನಿಂದ ಪೆಟ್ಟಿಗೆಯಲ್ಲಿ ಬಂದ, ಆಂಬುಷ್ ಅಂದ ಜೊತೆಗೆ ಬಂದಿದ್ದ ಆಫೀಸರು, ಹಂಗಂದ್ರೇನೋ ಎಂದು ಅಮ್ಮ ಕೇಳಿದಳು, ಹೊಂಚು ಹಾಕಿ ಹೊಡೆಯೋದು ಅಮ್ಮಾ ಎಂದು ನಂದನೇ ಹೇಳಬೇಕಾಯಿತು. ಯಾರ ಹೊಂಚು, ತನ್ನನ್ನೇ ಕೇಳಿಕೊಂಡ, ನಿನ್ನದೇ ಅಲ್ಲವೇನೋ ಪಾಪಿ, ನೀನೊಬ್ಬ ಬಾಯಿ ಬಿಟ್ಟು ನಿಜ ಹೇಳಿದ್ದರೆ ಅವಳು ಹೊಸ್ತಿಲಿಗೆ ಅಡ್ಡ ಮಲಗುತ್ತಿದ್ದಳು, ಅವನು ಇವತ್ತು ಇಲ್ಲೇ ಕೂತು ಮಟನ್ ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಿದ್ದ.

ನಾಲ್ಕು, ಐದು, ದಪ್ಪನೆಯವನೂ ಹೋದ, ದಿನಾ ಮೂರು ಗಂಟೆಗೆ ಸರಿಯಾಗಿ ಹೋಗುವ ಕರೆಂಟಿಗೆ ಇವತ್ತೇನು ಬಂತೋ, ಹೋಗು ಮಾರಾಯ, ಕೈ ಮುಗಿತೀನಿ, ಬಾಗಿಲು ತೆರೆಯುವ ಹಾಗಿಲ್ಲ, ಹೊರಗಿನಿಂದ ನಿಲ್ಲಿಸಲು ರಿಮೋಟಿಲ್ಲ, ಆರು, ಈಗ ಎಲ್ಲರಿಗಿಂತ ಚಿಕ್ಕ ಸಿಪಾಯಿ ಅಳುತ್ತಾನೆ, ಅವನ ಅಳು ಬಾಗಿಲ ಸಂದಿನಿಂದ ನಡುಮನೆಗೆ ಬರುತ್ತಿದೆ, ನಂದನಿಗೆ ಕೂರಲಾಗಲಿಲ್ಲ, ಎದ್ದ, ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು, ಫ್ಯೂಸ್ ಕಿತ್ತರೆ ಮುಗಿಯಿತು, ಕರೆಂಟ್ ಹೋಯ್ತು ಅಂದರಾಯಿತು, ಒಳಗೆ ಅಳು ನಿಂತಿತು, ಏಳು, ಕೈ ಹಾಕಿದ — ಬಿಡು ನಂದ, ಇನ್ನೂ ಒಬ್ಬ ಅವ್ನೆ.

ಅಮ್ಮ. ತಿರುಗಿ ಕೂಡ ನೋಡದೆ. ಇನ್ನೂ ಒಬ್ಬ ಅವ್ನೆ ಅಂದಳು, ಹೇಗೆ ಗೊತ್ತು ಇವಳಿಗೆ, ನಾನು ತೋರಿಸಿದ್ದು ಹೊಳೆಯ ತನಕ — ನೀನು ಅಂಗಡಿಗೆ ಹೋದ್ಮೇಲೆ ರವಿನೇ ಪೂರ್ತಿ ತೋರಿಸ್ದ ಕಣೋ, ಅಣ್ಣ ಸುಳ್ಳೇಳವ್ನೆ ಅಮ್ಮಾ, ಹಿಂಗೂ ಆಯ್ತದೆ, ನೋಡ್ಬುಟ್ಟು ಹೇಳು, ನೀನು ಬ್ಯಾಡ ಅಂದ್ರೆ ಹೋಗಲ್ಲ ಅಂದ. ನೋಡ್ದೆ. ಅವನ ಮುಖ ನೋಡಿ ಬ್ಯಾಡ ಅನ್ನಕ್ಕಾಗ್ಲಿಲ್ಲ ನನಗೆ. ನಾನೇ ಕಳಿಸ್ದೆ, ನೀನಲ್ಲ. ಮೀಟರ್ ಬೋರ್ಡಿನ ಮೇಲಿನ ಕೈ ತೆಗೆಯುವುದು ನಂದನಿಗೆ ಮರೆತೇಹೋಯಿತು, ಒಂದು ವರ್ಷ ತಾನು ಹೊತ್ತ ಭಾರ ಇಳಿಯಬೇಕಲ್ಲ, ಇಳಿಯಲಿಲ್ಲ, ಇಷ್ಟು ದಿನ ಇದೇ ಮನೆಯಲ್ಲಿ ಅಮ್ಮನೂ ಅದನ್ನೇ ಹೊತ್ತು ಮುದ್ದೆ ತಿರುವುತ್ತಿದ್ದಳು, ತನಗೆ ಬಡಿಸುತ್ತಿದ್ದಳು, ಅಯ್ಯೋ ಅಮ್ಮಾ.

ಒಳಗೆ ಟೇಪು ಮುಗಿದು ಟಕ್ ಅಂತು. ಆಯ್ತು, ತೆಗೀ ಅಕ್ಕ ಎಂದ ರಾಮಯ್ಯ ಮಾವ, ಸುಮ್ಮನೆ ತೆರೆಯುವ ಹಾಗಿಲ್ಲ, ಮೊದಲು ಬಾಗಿಲು ತಟ್ಟಬೇಕು, ನಾವು ಬರ್ತಾ ಇದೀವಿ, ನೀವಿನ್ನು ಏಳಿ ಎಂದು ಒಳಗಿನವರಿಗೆ ತಿಳಿಸುವುದು ಹಾಗೆ, ತಟ್ಟಿದರೆ ಎದ್ದು ಹೋಗುತ್ತಾರೆ. ಅಮ್ಮ ಎದ್ದಳು. ಕೈ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು, ಮಡಿಚಿದ ಬೆರಳು, ಬೆರಳಿಗೂ ಬಾಗಿಲಿಗೂ ನಡುವೆ ಒಂದು ಗೇಣಿಲ್ಲ, ತಟ್ಟು ಅಕ್ಕ, ಹೊತ್ತಾಯ್ತು, ಕೈ ಅಲ್ಲೇ ಇದೆ, ತಟ್ಟಿದರೆ ಹೋಗುತ್ತಾನೆ, ಕೈ ಅಲ್ಲೇ ಇದೆ, ಅಮ್ಮನ ಕೈ, ಬಾಗಿಲ ಮುಂದೆ, ಎತ್ತಿದ್ದು ಎತ್ತಿದ ಹಾಗೆ.